ಸಮುದ್ರದ ತಳಕ್ಕೆ ಬಿದ್ದ ಜ್ವಾಲಾಮುಖಿ ಬೂದಿ ಅಲ್ಲಿನ ನೀರನ್ನು ಏನು ಮಾಡುತ್ತದೆ?

ಪ್ರಶ್ನೆ (ಗದಗ, ಹೈಸ್ಕೂಲ್ ವಿಜ್ಞಾನ ಶಿಕ್ಷಕಿ):
ನಮಸ್ಕಾರ ಸರ್. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದಳು: "ಅಕ್ಕೋರೆ, ಜ್ವಾಲಾಮುಖಿ ಬೂದಿ ಸಮುದ್ರಕ್ಕೆ ಬಿದ್ದರೆ ಕರಗುತ್ತದಾ? ನಮ್ಮಜ್ಜಿ ಒಲೆ ಬೂದಿ ಕಲಸಿದ ನೀರಿನಲ್ಲಿ ಬಟ್ಟೆ ಒಗೆಯುತ್ತಿದ್ದಳಂತೆ. ಸಮುದ್ರದ ನೀರೂ ಹಂಗೇ ಆಗುತ್ತದಾ?" ನನಗೆ ಉತ್ತರ ಹೊಳೆಯಲಿಲ್ಲ. ನಾಳೆ ಹೇಳುತ್ತೇನೆ ಅಂದಿದ್ದೇನೆ.

ಉತ್ತರ (ಧಾರವಾಡ, ಸಮುದ್ರತಳದ ಕೆಸರಿನ ರಸಾಯನ ನನ್ನ ಕೆಲಸ):
ಮೇಡಂ, ಆ ಹುಡುಗಿಗೆ ನನ್ನ ಶಭಾಷ್ ಹೇಳಿ. ಒಲೆ ಬೂದಿ ಕಟ್ಟಿಗೆ ಸುಟ್ಟು ಉಳಿದದ್ದು. ಅದರಲ್ಲಿರುವ ಪೊಟ್ಯಾಸಿಯಂ ಕಾರ್ಬೊನೇಟ್ ನೀರಿನಲ್ಲಿ ಬೇಗ ಕರಗುತ್ತದೆ. ಅಜ್ಜಿಯ ಬಟ್ಟೆಯ ಕೊಳೆ ಹೋದದ್ದು ಆ ಕ್ಷಾರದಿಂದ. ಜ್ವಾಲಾಮುಖಿಯದು ಹೆಸರಿಗಷ್ಟೇ ಬೂದಿ, ಅಲ್ಲಿ ಏನೂ ಸುಟ್ಟಿರುವುದಿಲ್ಲ. ಕರಗಿದ ಕಲ್ಲು ಸಿಡಿದು, ತಟ್ಟನೆ ತಣಿದು, 2 ಮಿಲಿಮೀಟರಿಗಿಂತ ಸಣ್ಣ ಚೂರುಗಳಾಗಿರುತ್ತದೆ. ಅದರಲ್ಲಿ ಬಹಳಷ್ಟು ಗಾಜು. ಅದು ಸಕ್ಕರೆಯ ಹಾಗೆ ಕರಗುವುದಿಲ್ಲ. ಹಾಗಂತ ಸುಮ್ನೆ ಬಿದ್ದಿರುವುದೂ ಇಲ್ಲ.

ಮೊದಲ ಪೆಟ್ಟು ಆಮ್ಲಜನಕಕ್ಕೆ. ಹೊಸ ಬೂದಿಯಲ್ಲಿ ಇನ್ನೂ ತುಕ್ಕಾಗದ ರೂಪದ ಕಬ್ಬಿಣ ಇರುತ್ತದೆ. ಕಣಗಳ ನಡುವೆ ಸಿಕ್ಕಿಕೊಂಡ ನೀರಿನಿಂದ ಅದು ಆಮ್ಲಜನಕ ಎಳೆದುಕೊಳ್ಳುತ್ತದೆ. ಕೆರಿಬಿಯನ್ ಸಮುದ್ರದ ಮಾಂಟ್ಸೆರಾಟ್ ದ್ವೀಪದ ಜ್ವಾಲಾಮುಖಿ 1995ರಲ್ಲಿ ಸಿಡಿಯಲು ಶುರುವಾಯಿತು. ಅದರ ಬೂದಿ ಕುಳಿತ ತಳದಲ್ಲಿ ಅಳೆದು ನೋಡಿದರೆ, ಕೆಲವೇ ಮಿಲಿಮೀಟರ್ ಕೆಳಗೆ ಆಮ್ಲಜನಕ ಮುಗಿದೇ ಹೋಗಿತ್ತು!

ಆಮೇಲಿನದು ಬಹಳ ನಿಧಾನದ ಕೆಲಸ. ಕೆಲವು ಕಡೆ ಲಕ್ಷಾಂತರ ವರ್ಷ ಹಿಡಿಯುತ್ತದೆ. ನನ್ನನ್ನು ಹಿಡಿದಿಟ್ಟಿರುವುದು ಇದೇ. ಗಾಜು ಸ್ಮೆಕ್ಟೈಟ್ ಅನ್ನುವ ಜೇಡಿಯಾಗುತ್ತಾ ಹೋಗುತ್ತದೆ. ಆ ಜೇಡಿ ಕಟ್ಟಿಕೊಳ್ಳುವುದಕ್ಕೆ ಸುತ್ತಲಿನ ನೀರಿನಿಂದ ಮೆಗ್ನೀಸಿಯಂ ತೆಗೆದುಕೊಳ್ಳುತ್ತದೆ, ಪೊಟ್ಯಾಸಿಯಮ್ಮನ್ನೂ ಅಷ್ಟಿಷ್ಟು. ಗಾಜಿನಲ್ಲಿದ್ದ ಕ್ಯಾಲ್ಸಿಯಂ ನೀರಿಗೆ ಬರುತ್ತದೆ. ಒಂದು ಕಿಲೋ ಸಮುದ್ರದ ನೀರಿನಲ್ಲಿ ಸುಮಾರು 1.3 ಗ್ರಾಂ ಮೆಗ್ನೀಸಿಯಂ, 0.4 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಹಡಗಿನಿಂದ ಕೊಳವೆ ಇಳಿಸಿ ಕೆಸರು ತೆಗೆದು, ಅದನ್ನು ಒತ್ತಿ ನೀರು ಹಿಂಡಿ ಅಳೆಯುತ್ತಾರೆ. ಬೂದಿ ಜಾಸ್ತಿ ಇದ್ದ ಕಡೆ, ಆಳಕ್ಕೆ ಹೋದಂತೆ ಮೆಗ್ನೀಸಿಯಂ ಇಳಿಯುತ್ತದೆ, ಕ್ಯಾಲ್ಸಿಯಂ ಏರುತ್ತದೆ.

ಆದರೆ ಕೆಸರಿನ ಕೆಳಗಿರುವ ಬಸಾಲ್ಟ್ ಕಲ್ಲೂ (ಲಾವಾ ತಣಿದು ಆದದ್ದು) ಇಂಥದ್ದೇ ಬದಲಾವಣೆ ಮಾಡಬಲ್ಲದು. ಅದಕ್ಕೇ ನೀರಿನಲ್ಲಿರುವ ಸ್ಟ್ರಾನ್ಷಿಯಂ ಅನ್ನುವ ಧಾತುವನ್ನು ನೋಡುತ್ತೇವೆ. ಅದರ ಬಗೆಗಳಲ್ಲಿ 87 ಮತ್ತು 86 ತೂಕದ ಎರಡನ್ನು ಅಳೆಯುತ್ತೇವೆ. ಅವುಗಳ ಅನುಪಾತ ಈಗಿನ ಸಮುದ್ರದ ನೀರಿನಲ್ಲಿ 0.7092. ಜ್ವಾಲಾಮುಖಿ ಬೂದಿಯಲ್ಲಿ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ. ಕೆಳಗಿನ ಕಲ್ಲಿನ ಕೆಲಸವಾದರೆ ಈ ಅಂಕಿ ತೀರಾ ತಳದಲ್ಲಿ ಎಲ್ಲಕ್ಕಿಂತ ಕಡಿಮೆ ಇರಬೇಕು. ಕೆಸರಿನ ನಡುಮಧ್ಯದಲ್ಲೇ ಅದು ತಗ್ಗಿದ್ದರೆ, ಗಾಜು ಅಲ್ಲೇ ಜೇಡಿಯಾಗುತ್ತಿದೆ ಅಂತ ಲೆಕ್ಕ. ಬೂದಿ ಮಣ್ಣಿನಲ್ಲಿ ಬೆರೆತು ಕಣ್ಣಿಗೆ ಕಾಣದಿದ್ದರೂ ನೀರು ಅದರ ಸುಳಿವು ಕೊಡುತ್ತದೆ.

ಹಾವೇರಿಯ ರೈತರೊಬ್ಬರು:
ಸರ್, ಈ ಜೇಡಿ ನಮ್ಮ ಎರಿ ಹೊಲದ ಮಣ್ಣಿನಂಥದ್ದೇನ್ರಿ? ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರುಕು ಬಿಡುತ್ತದೆ.

ಉತ್ತರ:
ಸರಿಯಾಗಿ ಹಿಡಿದಿರಿ ಅಣ್ಣಾರೆ. ಎರಿ ಮಣ್ಣನ್ನು ಉಬ್ಬಿಸುವುದೂ ಸ್ಮೆಕ್ಟೈಟ್ ಜಾತಿಯ ಜೇಡಿಯೇ. ಹುಟ್ಟಿದ ದಾರಿ ಮಾತ್ರ ಬೇರೆ. ನಿಮ್ಮ ಹೊಲದ್ದು ನೆಲದ ಮೇಲೆ ಕಲ್ಲು ಮಳೆ ಬಿಸಿಲಿಗೆ ಸವೆದು ಆದದ್ದು. ಅರ್ಥಿಂಗ್ ಗುಂಡಿಗೆ ಬೆಂಟೊನೈಟ್ ಪುಡಿ ಹಾಕುತ್ತಾರಲ್ವಾ? ಅದೂ ಬಹುಪಾಲು ಸ್ಮೆಕ್ಟೈಟ್ ಜೇಡಿಯೇ. ಜಗತ್ತಿನ ಎಷ್ಟೋ ಬೆಂಟೊನೈಟ್ ಪದರಗಳು ಒಂದು ಕಾಲದಲ್ಲಿ ನೀರಿಗೆ ಬಿದ್ದ ಬೂದಿ.

ಶಿಕ್ಷಕಿ:
ನಮ್ಮ ಹತ್ತಿರದ ಸಮುದ್ರದಲ್ಲಿ ಇಂಥ ಬೂದಿ ಇದೆಯಾ ಸರ್? ಮತ್ತೆ ಕ್ಲಾಸಿನಲ್ಲಿ ಏನಾದರೂ ಮಾಡಿ ತೋರಿಸಬಹುದಾ?

ಉತ್ತರ:
ಇದೆ ಮೇಡಂ. ಸುಮಾರು 74,000 ವರ್ಷಗಳ ಹಿಂದೆ ಸುಮಾತ್ರಾದ ಟೋಬಾ ಸಿಡಿದಾಗ ಬಂದ ಬೂದಿ ಬಂಗಾಳ ಕೊಲ್ಲಿಯ ತಳದಲ್ಲೂ ಸಿಕ್ಕಿದೆ, ಅರಬ್ಬಿ ಸಮುದ್ರದಲ್ಲೂ ಸಿಕ್ಕಿದೆ.

ತೋರಿಸುವುದಕ್ಕೆ ಎರಡು ಗ್ಲಾಸು ನೀರು ಸಾಕು. ಎರಡಕ್ಕೂ ಲ್ಯಾಬಿನ ಮೆಥಿಲೀನ್ ಬ್ಲೂ ಒಂದೆರಡು ಹನಿ ಹಾಕಿ. ಒಂದಕ್ಕೆ ತೊಳೆದ ಹೊಳೆ ಮರಳು, ಇನ್ನೊಂದಕ್ಕೆ ಪುಡಿ ಮಾಡಿದ ಎರಿ ಮಣ್ಣು ಹಾಕಿ ಚೆನ್ನಾಗಿ ಕಲಕಿ. ಒಂದು ರಾತ್ರಿ ಬಿಡಿ. ಮರಳಿನ ಗ್ಲಾಸಿನ ನೀರು ಹೆಚ್ಚುಕಡಿಮೆ ನೀಲಿಯಾಗೇ ಇರುತ್ತದೆ. ಎರಿ ಮಣ್ಣು ಬಣ್ಣವನ್ನು ಹಿಡಿದುಕೊಂಡು ತಳಕ್ಕೆ ಕೂರುತ್ತದೆ. ಸಮುದ್ರದ ತಳದಲ್ಲಿ ನಡೆಯುವುದು ಪೂರ್ತಿ ಇದೇ ಕ್ರಿಯೆ ಅಲ್ಲ, ಅದನ್ನೂ ಮಕ್ಕಳಿಗೆ ಹೇಳಿ. ಆದರೆ ಜೇಡಿ ನೀರಿನಿಂದ ತನಗೆ ಬೇಕಾದ್ದನ್ನು ತೆಗೆದುಕೊಳ್ಳುತ್ತದೆ ಅನ್ನುವುದು ಆ ಹುಡುಗಿಗೆ ಕಣ್ಣಾರೆ ಕಾಣುತ್ತದೆ.