ಕೇಸ್ ಫ್ಯಾನ್ ಪ್ರಶ್ನೋತ್ತರ: ಗಾಳಿ ಬೇಕು, ಸದ್ದು ಬೇಡ

ಅಡ್ಮಿನ್: ಎಲ್ರಿಗೂ ನಮಸ್ಕಾರ. ಇವತ್ತು ಕೇಸ್ ಫ್ಯಾನ್ (ಕಂಪ್ಯೂಟರ್ ಕೇಸೊಳಗೆ ಗಾಳಿ ಆಡಿಸೋ ಫ್ಯಾನ್) ಬಗ್ಗೆ ಏನ್ ಕೇಳೋದಿದ್ರೂ ಇದೇ ಪೋಸ್ಟ್ ಕೆಳಗೆ ಕೇಳಿ. ಉತ್ತರ ಕೊಡೋ ಮೇಡಂ ಕೂಲಿಂಗ್ ಎಂಜಿನಿಯರ್, ಫ್ಯಾನ್ ಟೆಸ್ಟಿಂಗೇ ಅವರ ಕೆಲ್ಸ. ಫ್ಯಾನ್ ಸೈಜು, ಎಲ್ಲಿ ಹಾಕಿದೀರಿ, ಎಷ್ಟು ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಎಲ್ಲಾ ಬರೀರಿ. ಬರೀ "ಸೌಂಡ್ ಬರ್ತಿದೆ ಹೆಲ್ಪ್" ಅಂತ ಹಾಕಿದ್ರೆ ಯಾರಿಗೂ ಏನೂ ಗೊತ್ತಾಗಲ್ಲ.

ಮಿಡ್‌ಟವರ್: ಮೇಡಂ ಎರಡು 120 ಎಂಎಂ ಫ್ಯಾನ್ ನೋಡಿಟ್ಟಿದೀನಿ. ಒಂದರ ಡಬ್ಬದ ಮೇಲೆ 75 ಸಿಎಫ್‌ಎಂ (ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಅಂತ), 32 ಡಿಬಿಎ (ಸದ್ದಿನ ಅಳತೆ) ಅಂತಿದೆ. ಇನ್ನೊಂದು 55 ಸಿಎಫ್‌ಎಂ, 23 ಡಿಬಿಎ. ಗಾಳಿ ಜಾಸ್ತಿ ಇರೋದೇ ತಗೊಳ್ಳೋದಲ್ವಾ?

ಮೇಡಂ: ಆ ಸಿಎಫ್‌ಎಂ ಹಿಂದೆ ಮುಂದೆ ಏನೂ ಅಡ್ಡ ಇಲ್ದೆ ಫುಲ್ ಸ್ಪೀಡಲ್ಲಿ ಅಳೆದಿದ್ದು. ನಿಮ್ ಕೇಸಲ್ಲಿ ಫಿಲ್ಟರ್ ಇದೆ, ಜಾಲರಿ ಇದೆ, ಕೇಬಲ್ ಇದೆ, ಅಷ್ಟು ಗಾಳಿ ಯಾವತ್ತೂ ಸಿಗಲ್ಲ. ಅಡ್ಡ ಇರೋ ಕಡೆಗೆ ಸ್ಟ್ಯಾಟಿಕ್ ಪ್ರೆಷರ್ (ಅಡ್ಡ ಇದ್ರೂ ಗಾಳಿ ನೂಕೋ ಬಲ) ನೋಡಿ. ಇನ್ನು ಸದ್ದು, ಎರಡನ್ನೂ ಒಂದೇ ಗಾಳಿ ಕೊಡೋ ಸ್ಪೀಡಿಗೆ ಇಳಿಸಿ ಆಮೇಲೆ ಹೋಲಿಸ್ಬೇಕು, ಫುಲ್ ಸ್ಪೀಡ್ ನಂಬರ್ ಇಟ್ಕೊಂಡು ಹೋಲಿಸಿದ್ರೆ ಏನೂ ಪ್ರಯೋಜನ ಇಲ್ಲ. ಆರ್‌ಪಿಎಂ 20% ಇಳಿಸಿದ್ರೆ ಗಾಳಿನೂ ಸುಮಾರು 20% ಇಳಿಯುತ್ತೆ, ಸದ್ದು ಮಾತ್ರ ಹತ್ರಹತ್ರ 5 ಡಿಬಿ ಇಳಿಯುತ್ತೆ. ಅರ್ಧಕ್ಕೆ ಇಳಿಸಿದ್ರೆ 15 ಡಿಬಿ. ಅದೇ ಒಂದೇ ಥರದ ಇನ್ನೊಂದು ಫ್ಯಾನ್ ಪಕ್ಕದಲ್ಲಿ ಹಾಕಿದ್ರೆ ಏರೋದು 3 ಡಿಬಿ ಅಷ್ಟೇ. ಹಾಗಾಗಿ ಕಿರಿಚೋ ಒಂದರ ಬದ್ಲು ನಿಧಾನಕ್ಕೆ ತಿರುಗೋ ಎರಡು ಹಾಕಿ. ಜಾಗ ಇದ್ರೆ 140 ಎಂಎಂ ಹಾಕಿ.

ಎಫ್‌ಪಿಎಸ್ ಭಕ್ತ: ಬೆಸ್ಟ್ ಫ್ಯಾನ್ ಯಾವ್ದು ಮೇಡಂ

ಮೇಡಂ: ಯಾವ ಕೇಸಿಗೆ, ಎಲ್ಲಿಗೆ, ಎಷ್ಟು ಬಿಸಿಗೆ?

ಎಫ್‌ಪಿಎಸ್ ಭಕ್ತ: ಸುಮ್ನೆ ಬೆಸ್ಟ್ ಹೇಳಿ

ರಾತ್ರಿಪಾಳಿ: ನಮಸ್ಕಾರ ಮೇಡಂ. ನಂದು ಸ್ವಲ್ಪ ವಿಚಿತ್ರ. ಮುಂದೆ ಎರಡು 120 ಎಂಎಂ, ಎರಡೂ ಒಂದೇ ಮಾಡೆಲ್, 7 ರೆಕ್ಕೆ, ಒಂದೇ ಹೆಡರಿಂದ (ಮದರ್‌ಬೋರ್ಡಲ್ಲಿ ಫ್ಯಾನ್ ಸಿಗಿಸೋ ಪಿನ್ನು) ಸ್ಪ್ಲಿಟರಲ್ಲಿ (ಒಂದನ್ನ ಎರಡು ಮಾಡೋ ವೈರು). ಸದ್ದು ಜಾಸ್ತಿ ಏನಿಲ್ಲ ಆದ್ರೆ ಊಂ… ಊಂ… ಅಂತ ಅಲೆ ಥರ ಏರಿ ಇಳಿದು ಏರಿ ಇಳಿದು ಬರ್ತಾನೇ ಇರುತ್ತೆ, ಎರಡು ಸೆಕೆಂಡಿಗೆ ಒಂದ್ಸಲ ಅನ್ನಿ. ಸೈಡ್ ಪ್ಯಾನೆಲ್ ಮೇಲೆ ಅಂಗೈ ಒತ್ತಿ ಹಿಡಿದ್ರೆ ಕಮ್ಮಿ ಆಗುತ್ತೆ, ಪೂರ್ತಿ ಹೋಗಲ್ಲ. ಫ್ಯಾನ್ ಹಾಳಾಗಿದೆ ಅಂತ ಹೊಸದು ಹಾಕಿದ್ರೂ ಅದೇ ಕಥೆ.

ಮೇಡಂ: ಒಂದು ಫ್ಯಾನ್ ವೈರ್ ತೆಗೆದು ನೋಡಿ, ಅಲೆ ಇರುತ್ತಾ ಅಂತ. ಆಮೇಲೆ ಒಂದೊಂದನ್ನೇ ಬೇರೆ ಹೆಡರಿಗೆ ಹಾಕಿ ಎರಡರ ಆರ್‌ಪಿಎಂ ಓದಿ ಹೇಳಿ.

ರಾತ್ರಿಪಾಳಿ: ಒಂದು ತೆಗೆದ ತಕ್ಷಣ ಅಲೆ ಮಾಯ! ಯಾವ್ದನ್ನ ತೆಗೆದ್ರೂ ಅಷ್ಟೇ. ಸ್ಪೀಡ್ 1190 ಮತ್ತು 1195 ತೋರಿಸ್ತಿದೆ.

ಮೇಡಂ: ಸಿಕ್ತು. ನಿಮ್ ಫ್ಯಾನ್ ಎರಡೂ ಚೆನ್ನಾಗಿವೆ, ಇದು ಬೀಟ್. ಲೆಕ್ಕ ನೋಡಿ: 1190 ಆರ್‌ಪಿಎಂ ಅಂದ್ರೆ ಸೆಕೆಂಡಿಗೆ ಸುಮಾರು 20 ಸುತ್ತು, ಒಂದೊಂದು ಸುತ್ತಿಗೂ 7 ರೆಕ್ಕೆ ಹಿಂದಿನ ಕಂಬಿ ದಾಟಿ ಹೋಗುತ್ತೆ, ಅಲ್ಲಿಗೆ 139 ಹರ್ಟ್ಸ್ ಹತ್ರ ಒಂದು ಗುಂಯ್ ಸ್ವರ. ಇನ್ನೊಂದು ಫ್ಯಾನಿಂದೂ ಅದೇ ಸ್ವರ, ಅರ್ಧ ಹರ್ಟ್ಸಿಗಿಂತ ಚೂರು ಜಾಸ್ತಿ ವ್ಯತ್ಯಾಸ. ಎರಡು ತಂತಿ ಶ್ರುತಿ ಸೇರೋಕೆ ಇನ್ನೊಂಚೂರು ಬಾಕಿ ಇದ್ದಾಗ ನಾದ ಅಲೆ ಹೊಡೆಯುತ್ತಲ್ಲ, ಅದೇ ಇದು. 5 ಆರ್‌ಪಿಎಂ ವ್ಯತ್ಯಾಸಕ್ಕೆ 1.7 ಸೆಕೆಂಡಿಗೊಂದು ಅಲೆ ಬರ್ಬೇಕು, ನೀವು ಹೇಳಿದ್ದೂ ಅದೇ. ಒಂದೇ ಪಿಡಬ್ಲ್ಯುಎಂ ಸಿಗ್ನಲ್ (ಎಷ್ಟು ಸ್ಪೀಡಲ್ಲಿ ಓಡ್ಬೇಕು ಅಂತ ಬೋರ್ಡ್ ಹೇಳೋದು) ಕೊಟ್ರೂ ಎರಡು ಫ್ಯಾನ್ ಒಂದೇ ಸ್ಪೀಡಲ್ಲಿ ಓಡಲ್ಲ, ಸಾಮಾನ್ಯವಾಗಿ ಕಂಪನಿಯೋರೇ ±10% ಅಂತ ಬರೆದಿರ್ತಾರೆ. ಹೊಸದು ತಂದು ಹಾಕಿದ್ರೂ ಹೋಗ್ಲಿಲ್ಲ ಅಂದಿದ್ದು ಅದಕ್ಕೇ.

ಮಾಡ್ಬೇಕಾಗಿದ್ದು: ಎರಡನ್ನೂ ಬೇರೆ ಬೇರೆ ಹೆಡರಿಗೆ ಹಾಕಿ, ಒಂದು 900, ಇನ್ನೊಂದು 1000 ಮೇಲೆ ಇಡಿ. ಆ ನಿಧಾನದ ಏರಿಳಿತ ಹೋಗುತ್ತೆ, ಒಟ್ಟು ಸದ್ದೂ ಇಳಿಯುತ್ತೆ. ನಾಕ್ಟುವಾ ಅನ್ನೋ ಫ್ಯಾನ್ ಕಂಪನಿಯೋರು ಜೋಡಿಯಾಗಿ ಮಾರೋ ಕೆಲವು ಫ್ಯಾನಲ್ಲಿ ಬೇಕಂತಲೇ ಸ್ಪೀಡ್ ಸ್ವಲ್ಪ ಆಚೀಚೆ ಇಟ್ಟಿರ್ತಾರೆ, ಕಾರಣ ಇದೇ. ಅಂಗೈ ಒತ್ತಿದ್ರೆ ಕಮ್ಮಿ ಆಯ್ತು ಅಂದ್ರಲ್ಲ, ಅಂದ್ರೆ ಪ್ಯಾನೆಲ್ ಕೂಡ ಆ ಸ್ವರಕ್ಕೆ ದನಿಗೂಡಿಸ್ತಿದೆ. 600ರಿಂದ ನಿಧಾನಕ್ಕೆ ಸ್ಪೀಡ್ ಏರಿಸ್ತಾ ಹೋಗಿ, ಪ್ಯಾನೆಲ್ ಎಲ್ಲಿ ಗುಂಯ್‌ಗುಡುತ್ತೋ ಆ ಜಾಗ ಗುರುತು ಮಾಡ್ಕೊಂಡು ಫ್ಯಾನ್ ಕರ್ವ್‌ನಲ್ಲಿ (ಎಷ್ಟು ಬಿಸಿಗೆ ಎಷ್ಟು ಸ್ಪೀಡ್ ಅನ್ನೋ ಸೆಟ್ಟಿಂಗ್) ಅಲ್ಲಿ ನಿಲ್ಲದ ಹಾಗೆ ಮಾಡಿ. ಸ್ಕ್ರೂ ಬದ್ಲು ರಬ್ಬರ್ ಪಿನ್ ಹಾಕಿ. ಜಾಲರಿ ರೆಕ್ಕೆಗೆ ತೀರಾ ಅಂಟಿಕೊಂಡಿದ್ರೆ ಕೆಲವೇ ಮಿಲಿಮೀಟರ್ ಸ್ಪೇಸರ್ ಕೊಟ್ರೂ ಸ್ವರ ಮೆತ್ತಗಾಗುತ್ತೆ. ಇಂಥದ್ದೆಲ್ಲ ಡಿಬಿಎ ಮೀಟರಲ್ಲಿ ಕಾಣಲ್ಲ, ಕಿವಿ ಮಾತ್ರ ರಾತ್ರಿಯಿಡೀ ಅದನ್ನೇ ಹುಡುಕ್ತಾ ಕೂರುತ್ತೆ.

ರಾತ್ರಿಪಾಳಿ: 900/1040 ಮಾಡ್ದೆ, ಹೋಯ್ತು ಮೇಡಂ!! ಸಿಪಿಯು 2 ಡಿಗ್ರಿ ಏರಿದೆ, ಏರ್ಲಿ ಬಿಡಿ.

ಸ್ಮಾರ್ಟ್ ಸಲಹೆ: ಫಾರ್ವರ್ಡ್ ಬಂದಿದ್ದು, ಎಲ್ರಿಗೂ ಉಪಯೋಗ ಆಗ್ಲಿ. "ಫ್ಯಾನ್ ಸದ್ದು ಮಾಡ್ತಿದ್ರೆ ಮಧ್ಯದ ಸ್ಟಿಕರ್ ತೆಗೆದು ತುಕ್ಕು ಬಿಡಿಸೋ ಸ್ಪ್ರೇ ಹೊಡೀರಿ, ಮುಂದಿನ ಫ್ಯಾನಿಗೆ ಒದ್ದೆ ಸ್ಪಾಂಜ್ ಕಟ್ಟಿ, 10 ಡಿಗ್ರಿ ಇಳಿಯುತ್ತೆ, ಎಲ್ಲಾ ಫ್ಯಾನನ್ನೂ ಹೊರಗೆ ತಳ್ಳೋ ಹಾಗೆ ತಿರುಗಿಸಿ."

ಮೇಡಂ: ಒದ್ದೆ ಸ್ಪಾಂಜ್ ಬೇಡ. ಗಾಳಿ ಎಳೆಯೋವಾಗ ಹನಿ ಒಳಗೆ ಹೋಗಿ ಬೋರ್ಡ್ ಮೇಲೆ ಬಿದ್ರೆ ಫ್ಯಾನ್ ಜೊತೆ ಮೆಷಿನ್ನೂ ಹೋಗುತ್ತೆ. ಆ ಸ್ಪ್ರೇ ಬೇರಿಂಗಲ್ಲಿರೋ ಎಣ್ಣೆನ ತೊಳೆದು ಹಾಕುತ್ತೆ, ಸ್ವಲ್ಪ ದಿನ ಸುಮ್ನಿದ್ದು ಆಮೇಲೆ ಮೊದಲಿಗಿಂತ ಜೋರಾಗಿ ಕರಕರ ಅನ್ನುತ್ತೆ. ಬರ್ದೋರು ಕೇಸ್ ಬಿಚ್ಚಿ ನೋಡಿದಾರಾ ಅಂತ ಒಂದ್ಸಲ ಕೇಳಿ ಫಾರ್ವರ್ಡ್ ಮಾಡಿ.

ಸ್ಮಾರ್ಟ್ ಸಲಹೆ: ಕೋಪ ಯಾಕೆ ಮೇಡಂ, ಬಂದಿದ್ದು ಹಂಚ್ಕೊಂಡೆ ಅಷ್ಟೇ 🙏

ಧೂಳುದ್ವೇಷಿ: ಎಲ್ಲಾ ಹೊರಗೆ ತಳ್ಳಿದ್ರೆ ಕೇಸೊಳಗೆ ನೆಗೆಟಿವ್ ಪ್ರೆಷರ್ ಆಗಿ ಸಂದಿ ಸಂದಿಯಿಂದ ಧೂಳು ಎಳ್ಕೊಳುತ್ತೆ. ಫಿಲ್ಟರ್ ಇರೋ ಕಡೆಯಿಂದ ಒಳಗೆ ಜಾಸ್ತಿ, ಹೊರಗೆ ಕಮ್ಮಿ. ಇದು ಬೇಸಿಕ್ಕು.

ಓಪನ್‌ಬೆಂಚ್: ಬೇಸಿಕ್ಕು ಅಂತ ಹೇಳೋರಿಗೆ ಟೆಂಪರೇಚರ್ ಗೊತ್ತಿಲ್ಲ. ಫಿಲ್ಟರ್ ತೆಗೆದೆ ನನ್ ಜಿಪಿಯು ತಣ್ಣಗಾಯ್ತು. ಧೂಳು ಬಂದ್ರೆ ಒರೆಸಿಕೊಳ್ಳಿ.

ಧೂಳುದ್ವೇಷಿ: ಹೀಟ್‌ಸಿಂಕ್ ರೆಕ್ಕೆ ಮಧ್ಯ ಕಂಬಳಿ ಥರ ಕೂತಿರೋದನ್ನ ಯಾವ ಬಟ್ಟೆಲಿ ಒರೆಸ್ತೀರಪ್ಪ

ಓಪನ್‌ಬೆಂಚ್: ನಿಮ್ಮಷ್ಟು ಪುರುಸೊತ್ತಿರೋರು ಮಾಡ್ತಾರೆ

ಮಿಡ್‌ಟವರ್: ಇಬ್ರೂ ಬೇರೆ ಕಡೆ ಹೋಗಿ ಜಗಳ ಆಡಿ, ಇಲ್ಲಿ ಪ್ರಶ್ನೆ ಕೇಳೋಕೆ ಜಾಗ ಇಲ್ಲ

ಬಣ್ಣದಬೆಳಕು: ಮೇಡಂ ನಂದು 7 ಆರ್‌ಜಿಬಿ ಫ್ಯಾನ್, ಎಲ್ಲಾನೂ ಸ್ಪ್ಲಿಟರಿಗೆ ಸ್ಪ್ಲಿಟರ್ ಸೇರಿಸಿ ಒಂದೇ ಹೆಡರಿಗೆ ಹಾಕಿದೀನಿ. ಚೆನ್ನಾಗೇ ಓಡ್ತಿತ್ತು, ಈಗ ಆಗಾಗ ಎಲ್ಲಾ ಒಟ್ಟಿಗೆ ನಿಂತು ಮತ್ತೆ ಶುರುವಾಗುತ್ತೆ, ಪ್ಲಗ್ ಹತ್ರ ಬೆಚ್ಚಗಿದೆ. ಸ್ಪೀಡ್ ಕಮ್ಮಿ ಮಾಡಿದ್ರೆ ಸರಿಹೋಗುತ್ತಾ? ಸೈಲೆಂಟಾಗೂ ಆಗುತ್ತಲ್ಲ.

ಮೇಡಂ: ಮೊದ್ಲು ಶಟ್‌ಡೌನ್ ಮಾಡಿ, ಪವರ್ ತೆಗೀರಿ. ಓದ್ತಾ ಕೂರ್ಬೇಡಿ.

ಸಾಮಾನ್ಯವಾಗಿ ಒಂದು ಹೆಡರ್ ಕೊಡೋದು 1 ಆಂಪ್, 12 ವೋಲ್ಟಲ್ಲಿ 12 ವಾಟ್. ನಿಮ್ ಫ್ಯಾನ್ ಸ್ಟಿಕರ್ ಮೇಲೆ 0.25 ಆಂಪ್ ಅಂತಿದ್ರೆ ಏಳಕ್ಕೆ 1.75 ಆಯ್ತು, ಅದೂ ನಿಂತಿದ್ದು ಎದ್ದು ತಿರುಗೋ ಹೊತ್ತಲ್ಲಿ ಇನ್ನೂ ಜಾಸ್ತಿ ಎಳೆಯುತ್ತೆ. ಎಲ್ಲಾ ಒಟ್ಟಿಗೆ ನಿಂತು ಶುರುವಾಗೋದು ಬೋರ್ಡ್ ತನ್ನನ್ನ ತಾನು ಕಾಪಾಡ್ಕೊಳ್ತಿರಬಹುದು, ಇಲ್ಲಾ ಪ್ಲಗ್ಗಲ್ಲೇ ಸಂಪರ್ಕ ಹೋಗ್ತಿರಬಹುದು, ಎರಡೂ ಒಳ್ಳೇದಲ್ಲ. ಎಲ್ಲಾ ಬೋರ್ಡಲ್ಲೂ ಆ ರಕ್ಷಣೆ ಇರಲ್ಲ, ಇಲ್ದೇ ಇದ್ರೆ ಹೆಡರ್ ಸುಟ್ಟು ಹೋಗುತ್ತೆ. ಸ್ಪೀಡ್ ಇಳಿಸೋದು ಪರಿಹಾರ ಅಲ್ಲ, ಆನ್ ಮಾಡಿದಾಗ ಎಷ್ಟೋ ಬೋರ್ಡು ಒಂದು ಕ್ಷಣ ಫುಲ್ ಸ್ಪೀಡ್ ಕೊಟ್ಟೇ ಕೊಡುತ್ತೆ. ಸಾಟಾ ಪವರ್ ತಗೊಳ್ಳೋ ಹಬ್ ಹಾಕಿ, ಕರೆಂಟು ಪವರ್ ಸಪ್ಲೈಯಿಂದ ಬರುತ್ತೆ, ಹೆಡರಿಂದ ಬರೀ ಸಿಗ್ನಲ್. ಪ್ಲಗ್ ಬಣ್ಣ ಕಂದಾಗಿದ್ಯಾ, ಪ್ಲಾಸ್ಟಿಕ್ ಮೆತ್ತಗಾಗಿದ್ಯಾ ನೋಡಿ ಫೋಟೋ ಹಾಕಿ.

ಬಣ್ಣದಬೆಳಕು: ಆಫ್ ಮಾಡಿ ತೆಗೆದೆ. ಒಂದು ಮೂಲೆ ಚೂರು ಕಂದು ಬಣ್ಣ ಇದೆ. ಸ್ಟಿಕರಲ್ಲಿ 0.28 ಇದೆ 😬

ಮೇಡಂ: ಆ ಸ್ಪ್ಲಿಟರ್ ಎಸೀರಿ. ಆ ಹೆಡರ್ ಮತ್ತೆ ಬಳಸ್ಬೇಡಿ, ಬೇರೆ ಹೆಡರಿಂದ ಹಬ್ಬಿಗೆ ಸಿಗ್ನಲ್ ಕೊಡಿ. ಮತ್ತೆ 7 ಫ್ಯಾನ್ ಯಾಕೆ ಬೇಕು? ಮುಂದೆ 2 ಹಿಂದೆ 1 ಹಾಕಿ ಟೆಂಪರೇಚರ್ ನೋಡಿ, ಸಾಕಾಗಿಲ್ಲ ಅಂದ್ರೆ ಆಮೇಲೆ ಸೇರಿಸಿ.

ಬಣ್ಣದಬೆಳಕು: ಲೈಟ್ ಚೆನ್ನಾಗಿ ಕಾಣುತ್ತೆ ಅಂತ

ಓಪನ್‌ಬೆಂಚ್: 😂😂

ಟ್ಯಾಬ್‌ಸಾವಿರ: ಬ್ರೌಸರ್ ತೆಗೆದ್ರೆ ಫ್ಯಾನ್ ವೂಶ್ ಅಂತ ಏರುತ್ತೆ ಎರಡು ಸೆಕೆಂಡಲ್ಲಿ ಇಳಿಯುತ್ತೆ, ದಿನವಿಡೀ ಇದೇ ಆಯ್ತು

ಮೇಡಂ: ಕೇಸ್ ಫ್ಯಾನ್ ಸಿಪಿಯು ಟೆಂಪರೇಚರಿಗೆ ಕಟ್ಟಿದೀರಿ, ಅದು ಕ್ಷಣಕ್ಕೊಂದು ಥರ ಹಾರುತ್ತೆ. ಬಯಾಸಲ್ಲಿ (ಮದರ್‌ಬೋರ್ಡ್ ಸೆಟ್ಟಿಂಗ್) ಸ್ಟೆಪ್ ಅಪ್ ಡಿಲೇ (ಬಿಸಿ ಏರಿದ ತಕ್ಷಣ ಸ್ಪೀಡ್ ಏರಿಸದೆ ಸ್ವಲ್ಪ ಕಾಯೋದು) ಕೊಡಿ, ಇಲ್ಲಾ ಜಿಪಿಯು ಟೆಂಪರೇಚರಿಗೆ ಕಟ್ಟಿ.

ಹಳೇಮೆಷಿನ್: ನನ್ ಬೋರ್ಡಲ್ಲಿ 3 ಪಿನ್ ಫ್ಯಾನ್ ಯಾವಾಗ್ಲೂ ಫುಲ್ ಸ್ಪೀಡ್ ಹೋಗುತ್ತೆ

ಮೇಡಂ: ಹೆಡರ್ ಪಿಡಬ್ಲ್ಯುಎಂ ಮೋಡಲ್ಲಿದೆ. ಡಿಸಿ ಮೋಡಿಗೆ (ವೋಲ್ಟೇಜ್ ಏರಿಳಿಸಿ ಸ್ಪೀಡ್ ಬದಲಿಸೋದು) ಹಾಕಿ.

ಎಫ್‌ಪಿಎಸ್ ಭಕ್ತ: ಮೇಡಂ ನನ್ ಪ್ರಶ್ನೆ ಮಿಸ್ ಆಯ್ತು ಅನ್ಸುತ್ತೆ, ಬೆಸ್ಟ್ ಫ್ಯಾನ್

ಮೇಡಂ: ಮಿಸ್ ಆಗಿಲ್ಲ.

ಸ್ಟುಡಿಯೋ ಮೂಲೆ: ನಾನು ಮೈಕ್ ಇಟ್ಕೊಂಡು ರೆಕಾರ್ಡ್ ಮಾಡ್ತೀನಿ, ಫ್ಯಾನ್ ಪೂರ್ತಿ ನಿಲ್ಲಿಸಿ ಓಡಿಸ್ಬಹುದಾ? ಎಷ್ಟು ಡಿಗ್ರಿವರೆಗೂ?

ಧೂಳುದ್ವೇಷಿ: ಮೇಡಂ ಈ ಓಪನ್‌ಬೆಂಚ್ ಅವರಿಗೆ ಒಂದು ಮಾತು ಹೇಳಿ, ಫಿಲ್ಟರ್ ಬೇಡ ಅಂತ ಹೊಸಬರಿಗೆ ದಾರಿ ತಪ್ಪಿಸ್ತಿದಾರೆ

ಓಪನ್‌ಬೆಂಚ್: ಮೇಡಂ ಹೇಳೋದೇನಿದೆ, ಅವರೇ ಫಿಲ್ಟರ್ ಗಾಳಿ ತಡೆಯುತ್ತೆ ಅಂತ ಮೇಲೆ ಬರ್ದಿದಾರೆ ಓದೋಕೆ ಬಂದ್ರೆ ಓದಿ

ಮೇಡಂ: ನನ್ ಹೆಸರಲ್ಲಿ ಜಗಳ ಬೇಡ. ಫಿಲ್ಟರ್ ಗಾಳಿ ತಡೆಯುತ್ತೆ, ಧೂಳು ತುಂಬಿದ ಫಿಲ್ಟರ್ ಇನ್ನೂ ಜಾಸ್ತಿ ತಡೆಯುತ್ತೆ, ಆವಾಗ ಫ್ಯಾನ್ ಜೋರಾಗಿ ಓಡಿ ಸದ್ದು ಮಾಡುತ್ತೆ. ಇಟ್ಕೊಳ್ಳೋದಾದ್ರೆ ತೊಳೀರಿ, ತೆಗೆಯೋದಾದ್ರೆ ಹೀಟ್‌ಸಿಂಕ್ ಕ್ಲೀನ್ ಮಾಡಿ. ಒಂದಲ್ಲಾ ಒಂದು ಕಡೆ ಕೆಲ್ಸ ಇದ್ದೇ ಇದೆ.

ಧೂಳುದ್ವೇಷಿ: ನೋಡಿ ನಾನ್ ಹೇಳಿದ್ದೇ ಅದು

ಓಪನ್‌ಬೆಂಚ್: ನೀವ್ ಹೇಳಿದ್ದು ಅದಲ್ವೇ ಅಲ್ಲ

ಅಡ್ಮಿನ್: ಇಬ್ರನ್ನೂ ನಾಳೆವರೆಗೂ ಮ್ಯೂಟ್ ಮಾಡಿದೀನಿ.

ಟಾಪ್‌ಮೌಂಟ್: ಕೇಸಿನ ಮೇಲ್ಗಡೆ ಮಲಗಿಸಿ ಹಾಕೋಕೆ ಸ್ಲೀವ್ ಬೇರಿಂಗ್ ಫ್ಯಾನ್ ನಡೆಯುತ್ತಾ, ಮನೇಲಿ ಸುಮ್ನೆ ಬಿದ್ದಿದೆ

ಮೇಡಂ: ಮಾಮೂಲಿ ಸ್ಲೀವ್ ಮಲಗಿಸಿದ್ರೆ ಬೇಗ ಸವೆದು ಗಲಾಟೆ ಶುರು ಮಾಡುತ್ತೆ. ಅದನ್ನ ಹಿಂದ್ಗಡೆ ನಿಲ್ಲಿಸಿ ಹಾಕಿ, ಮೇಲಕ್ಕೆ ಫ್ಲೂಯಿಡ್ ಡೈನಾಮಿಕ್ ಇಲ್ಲಾ ಬಾಲ್ ಬೇರಿಂಗ್ ತಗೊಳ್ಳಿ. ನಾನ್ ಹೊರಟೆ, ಕೆಲ್ಸ ಇದೆ.

ಸ್ಮಾರ್ಟ್ ಸಲಹೆ: ಮೇಡಂ ಇನ್ನೊಂದು ಫಾರ್ವರ್ಡ್ ಬಂದಿದೆ, ನಿಜಾನಾ ನೋಡಿ ಹೇಳ್ತೀರಾ