ಸಹಾಯ ಬೇಕು: ಹಿರಿಯರ ಆರೋಗ್ಯ ದಾಖಲೆ ಜೋಡಿಸುವುದು ಹೇಗೆ?

ನಮಸ್ಕಾರ. 60 ದಾಟಿದವರು ಪಿಎಚ್‌ಸಿಯಲ್ಲಿ ಬಿಪಿ, ಶುಗರ್ ಮಾತ್ರೆ ತಪ್ಪದೆ ತಗೊಂಡರೆ ತಾಲೂಕು ಆಸ್ಪತ್ರೆಗೆ ಅಡ್ಮಿಟ್ ಆಗುವುದು ಕಡಿಮೆಯಾಗುತ್ತಾ ಅಂತ ಅಧ್ಯಯನ ಮಾಡುತ್ತಿದ್ದೇನೆ. ಅನುಮತಿ ಎಲ್ಲ ಸಿಕ್ಕಿದೆ, ಎರಡೂ ಕಡೆಯ ದಾಖಲೆ ಮಾತ್ರ ಕೂಡುತ್ತಿಲ್ಲ. ಹಳೇ ಎಂಟ್ರಿಗಳಲ್ಲಿ 14 ಅಂಕಿಯ ಆಭಾ ನಂಬರ್ (ಡಿಜಿಟಲ್ ಆರೋಗ್ಯ ಗುರುತಿನ ಸಂಖ್ಯೆ) ಇಲ್ಲ, ಮೊಬೈಲ್ ಮಗನದ್ದೋ ಸೊಸೆಯದ್ದೋ ಆಗಿರುತ್ತದೆ, ವಯಸ್ಸು ಅಂದಾಜಿಗೆ 65, 70 ಅಂತ ಬರೆದಿರುತ್ತಾರೆ, ಒಂದೇ ಅಜ್ಜಿ ಇಲ್ಲಿ ಲಕ್ಷ್ಮಮ್ಮ, ಅಲ್ಲಿ ಲಕ್ಷ್ಮೀದೇವಮ್ಮ. ಉಚ್ಚಾರಣೆ ಹತ್ತಿರವಿರುವ ಹೆಸರುಗಳಿಗೆ ಒಂದೇ ಕೋಡ್ ಕೊಡುವ ಸೌಂಡೆಕ್ಸ್ ವಿಧಾನ ಹಾಕಿ ನೋಡಿದೆ. ಅದು ಇಂಗ್ಲಿಷ್ ಹೆಸರುಗಳಿಗೆ ಮಾಡಿದ್ದು, ಲಕ್ಷ್ಮಮ್ಮನಿಗೂ ಲಕ್ಷ್ಮಣನಿಗೂ ಒಂದೇ ಕೋಡ್ ಕೊಡುತ್ತದೆ! ದಾಖಲೆ ಜೋಡಿಸುವ ಸಾಫ್ಟ್‌ವೇರ್ ಸ್ಪ್ಲಿಂಕ್‌ನಲ್ಲಿ, ಎರಡು ದಾಖಲೆ ಒಬ್ಬರದೇ ಇರುವ ಸಾಧ್ಯತೆ ಎಷ್ಟು ಅಂತ ಪ್ರತಿ ಜೋಡಿಗೂ ಸ್ಕೋರ್ ಬರುತ್ತದೆ, ಆದರೆ ಗೆರೆ ಎಲ್ಲಿ ಎಳೆಯುವುದು? ಬಿಗಿ ಮಾಡಿದರೆ ಫೋನಿಲ್ಲದೆ ಒಂಟಿಯಾಗಿರುವ ಹಿರಿಯರೇ ಜಾಸ್ತಿ ಬಿಟ್ಟುಹೋಗುತ್ತಾರೆ, ಅವರೇ ಮುಖ್ಯ ಅಲ್ವಾ. ಸಡಿಲ ಮಾಡಿದರೆ ಬೇರೆಯವರ ದಾಖಲೆ ಸೇರಿಕೊಳ್ಳುತ್ತದೆ.

ಕನ್ನಡ ಹೆಸರುಗಳಿಗೆ ಇದನ್ನು ಮಾಡಿದವರು ಇದ್ದೀರಾ? ಕಟ್‌ಆಫ್ ಹೇಗೆ ನಿಗದಿ ಮಾಡಿದಿರಿ? ಆಶಾ ಕಾರ್ಯಕರ್ತೆಯರ ಮನೆ ಪಟ್ಟಿಯ ಜೊತೆ ಒಂದಷ್ಟು ಹೆಸರು ತಾಳೆ ನೋಡಿದರೆ ಸಾಕಾ?