ಅಪ್ಪ ‘ಮೆಷಿನ್‌ಗೆ ಹಾಕ್ಬೇಡಿ’ ಅನ್ನುತ್ತಿದ್ದಾರೆ. ಕಾನೂನು ಒಪ್ಪುತ್ತದಾ? ನಾವು ಏನು ಮಾಡಬಹುದು?

ಪಾಂಡವಪುರದ ಮಗಳು

ಎಲ್ಲರಿಗೂ ನಮಸ್ಕಾರ. ಮೈಸೂರು, ಮಂಡ್ಯ ಕಡೆಯವರು ಯಾರಾದರೂ ಇಂಥದ್ದನ್ನು ಎದುರಿಸಿದ್ದರೆ ದಯವಿಟ್ಟು ಹೇಳಿ.

ನಮ್ಮ ಅಪ್ಪನಿಗೆ 76 ವರ್ಷ. ಮೊದಲು ಆಲೆಮನೆ ನಡೆಸುತ್ತಿದ್ದರು. ಶ್ವಾಸಕೋಶದ ಕ್ಯಾನ್ಸರ್, ಈಗ ಬೆನ್ನುಮೂಳೆಗೂ ಹರಡಿದೆ. ಇನ್ನು ಕಿಮೋ ಕೊಟ್ಟು ಪ್ರಯೋಜನ ಇಲ್ಲ, ಸುಮ್ನೆ ಸುಸ್ತು ಜಾಸ್ತಿ ಆಗುತ್ತದೆ ಅಂತ ಮೈಸೂರಿನ ಡಾಕ್ಟರು ಹೇಳಿದರು. ಅಪ್ಪನಿಗೂ ಎಲ್ಲ ಗೊತ್ತು. ಬುದ್ಧಿ ಚುರುಕಾಗಿಯೇ ಇದೆ, ಕಬ್ಬಿನ ದುಡ್ಡು ಬಂತಾ ಅಂತ ಮಲಗಿದ್ದಲ್ಲಿಂದಲೇ ವಿಚಾರಿಸುತ್ತಾರೆ.

ಅವರು ಒಂದು ಮಾತು ಹಗಲು ಹೇಳುತ್ತಾರೆ, ಇನ್ನೊಂದು ರಾತ್ರಿ ಹೇಳುತ್ತಾರೆ. ಹಗಲು ಹೇಳುವುದು, ‘ನನ್ನ ಮೆಷಿನ್‌ಗೆ ಮಾತ್ರ ಹಾಕ್ಬೇಡಿ.’ ನಮ್ಮ ದೊಡ್ಡಪ್ಪ ಕೊನೆಗಾಲದಲ್ಲಿ ಐಸಿಯುನಲ್ಲಿದ್ದರು. ಗಂಟಲಿನ ಪೈಪು ಕಿತ್ತುಕೊಳ್ಳಬಾರದು ಅಂತ ಎರಡೂ ಕೈಯನ್ನು ಬ್ಯಾಂಡೇಜ್ ಬಟ್ಟೆಯಲ್ಲಿ ಮಂಚದ ಕಂಬಿಗೆ ಕಟ್ಟಿದ್ದರು. ಅಪ್ಪ ಒಳಗೆ ಹೋಗಿ ಅದನ್ನು ನೋಡಿ ಬಂದವರು, ಆವತ್ತು ಊಟ ಮಾಡಲಿಲ್ಲ. ರಾತ್ರಿ ಹೇಳುವುದು ಬೇರೆ. ನೋವು ಶುರುವಾದರೆ ಹೊರಳುವುದಕ್ಕೂ ಆಗುವುದಿಲ್ಲ. ಆಗ ನನ್ನ ಕೈ ಹಿಡಿದು ‘ಒಂದು ಸೂಜಿ ಹಾಕ್ಸಿ ಕಳಿಸ್ಬಿಡವ್ವ’ ಅನ್ನುತ್ತಾರೆ.

ಅಣ್ಣ ಬೆಂಗಳೂರಿನಲ್ಲಿದ್ದಾನೆ. ಗದ್ದೆ ಮಾರಿಯಾದರೂ ಕೊನೇವರೆಗೂ ಎಲ್ಲ ಮಾಡಿಸಬೇಕು, ಇಲ್ಲದಿದ್ದರೆ ನಾಳೆ ನಾಲ್ಕು ಜನ ಏನಂತಾರೆ ಅನ್ನುತ್ತಾನೆ. ಅವನಿಗೂ ಅಪ್ಪ ಅಂದರೆ ಪ್ರಾಣ, ಅವನನ್ನು ದೂರುತ್ತಿಲ್ಲ. ಆದರೆ ಅಪ್ಪನ ಮಾತಿಗೆ ಬೆಲೆ ಇಲ್ವಾ? ವೆಂಟಿಲೇಟರ್ ಬೇಡ ಅಂತ ಅವರು ಬರೆದುಕೊಟ್ಟರೆ ಆಸ್ಪತ್ರೆಯವರು ಒಪ್ಪುತ್ತಾರಾ? ಎಲ್ಲಿ ಬರೆಸಬೇಕು? ಇನ್ನು ರಾತ್ರಿಯ ಆ ಮಾತು... ಹೊರದೇಶಗಳಲ್ಲಿ ಅದಕ್ಕೂ ಅವಕಾಶ ಇದೆಯಂತೆ, ನಮ್ಮಲ್ಲಿ ಯಾಕಿಲ್ಲ? ಯಾರೂ ಬೈಯಬೇಡಿ, ನಿಜವಾಗಿ ತಿಳಿಯಬೇಕು ಅಂತಲೇ ಕೇಳುತ್ತಿದ್ದೇನೆ.

ಮಂಡ್ಯ ಲಾಯರ್

ತಂಗಿ, ಮೊದಲು ಕಾನೂನು ಹೇಳಿಬಿಡುತ್ತೇನೆ. ನಿಮ್ಮ ಅಪ್ಪನ ಹಗಲಿನ ಮಾತಿಗೆ ಕಾನೂನಿನ ಪೂರ್ತಿ ಬಲ ಇದೆ. ರಾತ್ರಿಯ ಮಾತಿಗೆ ಇಲ್ಲ.

2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟಿನ ಐವರು ಜಡ್ಜ್‌ಗಳ ಪೀಠ, ಕಾಮನ್ ಕಾಸ್ ಅನ್ನುವ ಸಂಸ್ಥೆ ಹಾಕಿದ್ದ ಪ್ರಕರಣದಲ್ಲಿ, ಘನತೆಯಿಂದ ಸಾಯುವುದೂ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಒಂದು ಭಾಗ ಅಂತ ತೀರ್ಪು ಕೊಟ್ಟಿತು. ಲಿವಿಂಗ್ ವಿಲ್‌ಗೆ (ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಡ ಅಂತ ಮೊದಲೇ ಬರೆದಿಡುವ ಪತ್ರ) ಮಾನ್ಯತೆ ಸಿಕ್ಕಿದ್ದು ಅಲ್ಲಿಂದ. ಆದರೆ ಆಗ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು, ಅಷ್ಟು ಅಲೆದಾಡುವವರು ಯಾರು? 2023ರ ಜನವರಿಯಲ್ಲಿ ಕೋರ್ಟೇ ಅದನ್ನು ಸಡಿಲ ಮಾಡಿತು. ಈಗ ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಅಪ್ಪನಿಗೆ ಮಾತಾಡಲು ಆಗದೇ ಹೋದಾಗ ಅವರ ಪರವಾಗಿ ತೀರ್ಮಾನ ಹೇಳುವವರು ಯಾರು ಅಂತ ಹೆಸರು ಬರೆಯಬೇಕು. ಇಬ್ಬರ ಹೆಸರು ಹಾಕಿ. ನನ್ನ ಸಲಹೆ ಕೇಳಿದರೆ ನಿಮ್ಮದೂ ಅಣ್ಣನದೂ ಎರಡೂ ಇರಲಿ, ಅಣ್ಣನನ್ನು ಹೊರಗಿಟ್ಟು ಬರೆಸಿದರೆ ಐಸಿಯು ಬಾಗಿಲಲ್ಲಿ ಜಗಳ ಆಗುತ್ತದೆ. ಯಾವಾಗ ಬೇಕಾದರೂ ಅಪ್ಪ ಮನಸ್ಸು ಬದಲಿಸಿ ಬರವಣಿಗೆಯಲ್ಲಿ ರದ್ದು ಮಾಡಬಹುದು, ತಿದ್ದಬಹುದು.

ಆಸ್ಪತ್ರೆಯಲ್ಲಿ ಅದು ನಡೆಯುವುದು ಹೀಗೆ. ರೋಗಿಗೆ ಪ್ರಜ್ಞೆ ಇಲ್ಲ, ವಾಸಿಯಾಗುವ ಆಸೆಯೂ ಇಲ್ಲ ಅಂತಾದಾಗ, ಚಿಕಿತ್ಸೆ ಕೊಡುತ್ತಿರುವ ಡಾಕ್ಟರ ಜೊತೆಗೆ ಕನಿಷ್ಠ ಐದು ವರ್ಷ ಅನುಭವದ ಇಬ್ಬರು ತಜ್ಞರು ಸೇರಿದ ಮೊದಲ ಮಂಡಳಿ ನೋಡುತ್ತದೆ. ಆಮೇಲೆ ಎರಡನೇ ಮಂಡಳಿ, ಅದರಲ್ಲಿ ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದ ಒಬ್ಬ ಡಾಕ್ಟರು ಇರಬೇಕು. ಎರಡೂ ಮಂಡಳಿ 48 ಗಂಟೆ ಒಳಗೆ ಹೇಳಿದರೆ ಒಳ್ಳೆಯದು ಅಂತ ಕೋರ್ಟು ಹೇಳಿದೆ. ಮನೆಯವರು ಒಪ್ಪಿ, ಮ್ಯಾಜಿಸ್ಟ್ರೇಟರಿಗೆ ತಿಳಿಸಿ, ಯಂತ್ರ ತೆಗೆಯಬಹುದು. ನಮ್ಮ ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ ಕೊನೆಯಲ್ಲಿ ಇದನ್ನು ಜಾರಿಗೆ ತರುವ ಆದೇಶ ಹೊರಡಿಸಿದೆ. ಆಸ್ಪತ್ರೆಯವರು ನಮಗೆ ಗೊತ್ತಿಲ್ಲ ಅಂದರೆ ಆ ಆದೇಶದ ಪ್ರತಿ ತೋರಿಸಿ.

ಇನ್ನೊಂದು ವಿಷಯ, ಇದನ್ನು ಜಾಸ್ತಿ ಜನ ಗಮನಿಸುವುದೇ ಇಲ್ಲ. ಅಪ್ಪನಿಗೆ ಪ್ರಜ್ಞೆ ಇರುವವರೆಗೆ ಯಾವ ಮಂಡಳಿಯೂ ಬೇಡ. ಇದು ಬೇಡ ಅಂತ ಅವರು ಬಾಯಿ ಬಿಟ್ಟು ಹೇಳಿದರೆ ಅದೇ ಕಾನೂನು.

ಸೂಜಿ ಮಾತ್ರ ಆಗುವುದಿಲ್ಲ. ಡಾಕ್ಟರು ಕೊಟ್ಟರೂ, ರೋಗಿ ಒಪ್ಪಿದರೂ ಅದು ನರಹತ್ಯೆಯ ಕೇಸು. ಸಾಯಲು ನೆರವಾದವರ ಮೇಲೆ ಆತ್ಮಹತ್ಯೆಗೆ ಪ್ರಚೋದನೆ ಅಂತ ಭಾರತೀಯ ನ್ಯಾಯ ಸಂಹಿತೆಯ 108ನೇ ಸೆಕ್ಷನ್ ಬೀಳುತ್ತದೆ, ಹತ್ತು ವರ್ಷದವರೆಗೆ ಜೈಲು.

ಮನೆ ಮನೆ ಸಿಸ್ಟರ್

ನಾನು ಮೈಸೂರಿನಲ್ಲಿ ಪ್ಯಾಲಿಯೇಟಿವ್ ಕೇರ್ (ವಾಸಿಯಾಗದ ಕಾಯಿಲೆಯವರ ನೋವು, ಸಂಕಟ ಕಮ್ಮಿ ಮಾಡುವ ಆರೈಕೆ) ನರ್ಸ್. ರೋಗಿಗಳ ಮನೆಗೇ ಹೋಗಿ ನೋಡುವ ಕೆಲಸ. ಅಕ್ಕ, ನಿಮ್ಮ ಬರಹದಲ್ಲಿ ಒಂದು ವಿಷಯ ಕಾಣಲೇ ಇಲ್ಲ. ಅಪ್ಪನಿಗೆ ನೋವಿಗೆ ಏನು ಕೊಡುತ್ತಿದ್ದೀರಿ? ತೀವ್ರ ನೋವಿಗೆ ಕೊಡುವ ಮಾರ್ಫಿನ್ ಶುರು ಮಾಡಿದ್ದಾರಾ?

ಯಾಕೆ ಕೇಳುತ್ತಿದ್ದೇನೆ ಅಂದರೆ, ‘ಸೂಜಿ ಹಾಕ್ಸಿ ಕಳಿಸ್ಬಿಡಿ’ ಅನ್ನುವ ಮಾತು ನಾನು ಹೋಗುವ ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ, ನೋವು ಹತೋಟಿಗೆ ಬಂದು ಒಂದು ರಾತ್ರಿ ಕಣ್ತುಂಬ ನಿದ್ದೆ ಮಾಡಿದ ಮೇಲೆ ಅದೇ ಬಾಯಲ್ಲಿ ಮುದ್ದೆ ಬಸ್ಸಾರು ಕೇಳಿದ್ದನ್ನೂ ನೋಡಿದ್ದೇನೆ. ಎಲ್ಲರೂ ಹಾಗೆ ಬದಲಾಗುತ್ತಾರೆ ಅಂತ ಹೇಳುವುದಿಲ್ಲ. ಆದರೆ ಮೂಳೆ ನೋವಿಗೆ ಬರೀ ಡೋಲೋ ಕೊಟ್ಟು ಮಲಗಿಸಿ, ಸಾಯುವ ಹಕ್ಕಿನ ಬಗ್ಗೆ ಮಾತಾಡುವುದು ನನಗೆ ಸರಿ ಕಾಣುವುದಿಲ್ಲ.

ಮಾರ್ಫಿನ್ ಮಾತ್ರೆ ದುಬಾರಿ ಅಲ್ಲ. ಸಾಮಾನ್ಯ ಮಾತ್ರೆಯನ್ನು ನಾಲ್ಕು ಗಂಟೆಗೊಮ್ಮೆ, ಗಡಿಯಾರ ನೋಡಿ ಕೊಡಬೇಕು. ನೋವು ಬರಲಿ ಅಂತ ಕಾಯಬಾರದು. ಒಂದು ನೋಟ್‌ಬುಕ್ಕಿನಲ್ಲಿ ಗಂಟೆ ಬರೆದಿಡಿ. ಮಲಬದ್ಧತೆ ಆಗೇ ಆಗುತ್ತದೆ, ಅದಕ್ಕೆ ಮೊದಲ ದಿನದಿಂದಲೇ ಸಿರಪ್ ಕೊಡುತ್ತಾರೆ. ಅದು ಕೊಟ್ಟರೆ ಬೇಗ ಹೋಗಿಬಿಡುತ್ತಾರೆ ಅಂತ ಬಂಧುಗಳು ಹೆದರಿಸುತ್ತಾರೆ, ಕೇಳಬೇಡಿ. ಡಾಕ್ಟರು ಅಳೆದು ಕೊಟ್ಟ ಡೋಸಿನಿಂದ ಆಯಸ್ಸು ಕಮ್ಮಿ ಆಗುವುದಿಲ್ಲ. ಉಸಿರುಗಟ್ಟಿದ ಹಾಗಾದರೂ ಸಣ್ಣ ಡೋಸಿನ ಮಾರ್ಫಿನ್ ಕೆಲಸ ಮಾಡುತ್ತದೆ, ಮುಖಕ್ಕೆ ಒಂದು ಟೇಬಲ್ ಫ್ಯಾನ್ ಇಟ್ಟರೆ ಆಶ್ಚರ್ಯ ಆಗುವಷ್ಟು ಹಾಯಾಗುತ್ತದೆ. ಬೆನ್ನುಮೂಳೆ ನೋವಿಗೆ ಒಂದೇ ಸಲ ಕೊಡುವ ರೇಡಿಯೇಷನ್ ಇದೆ, ಕೇಳಿ ನೋಡಿ. ರೋಗ ವಾಸಿ ಮಾಡಲು ಅಲ್ಲ, ನೋವಿಗೆ. ಅಪ್ಪನ ಕಾಲಿಗೆ ಶಕ್ತಿ ಇಲ್ಲ ಅನ್ನಿಸಿದರೆ, ಮೂತ್ರ ಕಟ್ಟಿದರೆ ಮಾತ್ರ ತಡ ಮಾಡದೆ ಅದೇ ದಿನ ತೋರಿಸಿ, ಗಡ್ಡೆ ಬೆನ್ನುಹುರಿಯನ್ನು ಒತ್ತುತ್ತಿರಬಹುದು.

ಮಾರ್ಫಿನ್ ಎಲ್ಲ ಮೆಡಿಕಲ್ ಸ್ಟೋರಿನಲ್ಲಿ ಸಿಗುವುದಿಲ್ಲ. 1985ರ ಮಾದಕವಸ್ತು ಕಾಯ್ದೆಯ ಭಯದಲ್ಲಿ ವರ್ಷಗಟ್ಟಲೆ ಯಾರೂ ಇಡುತ್ತಿರಲಿಲ್ಲ, 2014ರಲ್ಲಿ ತಿದ್ದುಪಡಿ ಆದ ಮೇಲೆ ಮಾನ್ಯತೆ ಪಡೆದ ಆಸ್ಪತ್ರೆಗಳಲ್ಲಿ ಸಿಗುತ್ತದೆ. ಮೈಸೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್‌ನವರು ಪ್ಯಾಲಿಯೇಟಿವ್ ಕೇರ್ ಕೆಲಸ ಮಾಡುತ್ತಾರೆ. ಬೆಂಗಳೂರಿನ ಕರುಣಾಶ್ರಯದಲ್ಲಿ ಕೊನೆ ಹಂತದ ಕ್ಯಾನ್ಸರ್ ರೋಗಿಗಳನ್ನು ಒಂದು ರೂಪಾಯಿ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಾರೆ. ವಿಚಾರಿಸಿ.

ಕುವೆಂಪುನಗರ ನಿವೃತ್ತ

ಸಿಸ್ಟರ್ ಹೇಳಿದ್ದೆಲ್ಲ ನಿಜ. ಆದರೆ ನೋವು ಒಂದೇ ಅಲ್ಲ, ಅದನ್ನು ಯಾರಾದರೂ ಹೇಳಲೇಬೇಕು.

ನನ್ನ ಹೆಂಡತಿಗೆ ಮೋಟಾರ್ ನ್ಯೂರಾನ್ ಕಾಯಿಲೆ ಇತ್ತು. ನೋವು ಅಷ್ಟೇನೂ ಇರಲಿಲ್ಲ. ಕೈ ಹೋಯಿತು, ಕಾಲು ಹೋಯಿತು, ನುಂಗುವುದು ಹೋಯಿತು, ಕೊನೆಗೆ ಮಾತೂ ಹೋಗಿ, ಒಂದು ರಟ್ಟಿನ ಮೇಲೆ ಅಕ್ಷರ ಬರೆದು ನಾನು ಬೆರಳಿಟ್ಟುಕೊಂಡು ಹೋಗುತ್ತಿದ್ದೆ, ಬೇಕಾದ ಅಕ್ಷರ ಬಂದಾಗ ಅವಳು ಕಣ್ಣು ಮುಚ್ಚುತ್ತಿದ್ದಳು. ಹಾಗೆ ಒಂದೊಂದೇ ಅಕ್ಷರ ಕೂಡಿಸಿ ಅವಳು ಕೇಳಿದ್ದು ಸಾವನ್ನೇ. ಅದು ರಾತ್ರಿಯ ಸಂಕಟದಲ್ಲಿ ಬಾಯಿಗೆ ಬಂದ ಮಾತಾಗಿರಲಿಲ್ಲ. ನಲವತ್ತು ವರ್ಷ ಜೊತೆಗಿದ್ದವಳು, ಅವಳ ಮನಸ್ಸು ನನಗೆ ಗೊತ್ತಿತ್ತು. ಅವಳಿಗೆ ತೆಗೆಯಲು ಯಂತ್ರವೇ ಇರಲಿಲ್ಲ, ಹಾಗಾಗಿ ಸುಪ್ರೀಂ ಕೋರ್ಟಿನ ತೀರ್ಪು ಅವಳಿಗೆ ಏನೂ ಕೊಡಲಿಲ್ಲ.

ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಇಂಥವರು ಸಾಯಲು ಡಾಕ್ಟರಿಂದ ಔಷಧಿ ಬರೆಸಿಕೊಳ್ಳುವ ಕಾನೂನು 1997ರಿಂದ ಇದೆ. ಆರು ತಿಂಗಳೊಳಗೆ ಸಾವು ಅಂತ ಇಬ್ಬರು ಡಾಕ್ಟರು ಒಪ್ಪಬೇಕು, ಬುದ್ಧಿ ಸ್ಥಿಮಿತದಲ್ಲಿರಬೇಕು, ಔಷಧಿಯನ್ನು ರೋಗಿ ತಾನೇ ತೆಗೆದುಕೊಳ್ಳಬೇಕು. ಅಲ್ಲಿ ಔಷಧಿ ಬರೆಸಿಕೊಂಡವರಲ್ಲಿ ಎಷ್ಟೋ ಜನ ಅದನ್ನು ಮುಟ್ಟುವುದೇ ಇಲ್ಲ. ಬೇಕಾದರೆ ಇದೆ ಅನ್ನುವ ಧೈರ್ಯವೇ ಅವರಿಗೆ ಸಾಕಾಗುತ್ತದೆ. ಅವರು ಕೊಡುವ ಕಾರಣದಲ್ಲಿ ಮೊದಲು ಬರುವುದೂ ನೋವಲ್ಲ, ತನ್ನ ಬದುಕು ತನ್ನ ಕೈಯಲ್ಲಿಲ್ಲ ಅನ್ನುವುದು. ಶ್ರವಣಬೆಳಗೊಳ ನಮ್ಮ ಪಕ್ಕದಲ್ಲೇ ಇದೆ. ಸಲ್ಲೇಖನ, ಅಂದರೆ ಊಟ ಬಿಟ್ಟು ಸಾವನ್ನು ಸ್ವೀಕರಿಸುವ ಜೈನ ವ್ರತ, ತೆಗೆದುಕೊಂಡವರ ಶಾಸನಗಳು ಆ ಬೆಟ್ಟದ ಬಂಡೆ ತುಂಬ ಇವೆ. 2015ರಲ್ಲಿ ರಾಜಸ್ಥಾನ ಹೈಕೋರ್ಟು ಅದನ್ನು ಆತ್ಮಹತ್ಯೆ ಅಂದಾಗ ಅದೇ ತಿಂಗಳು ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ವ್ರತ ಹಿಡಿದವರಿಗೆ ಅಷ್ಟು ಜಾಗ ಇರುವ ದೇಶದಲ್ಲಿ ನನ್ನ ಹೆಂಡತಿಯಂಥವರಿಗೆ ಯಾಕೆ ಇಲ್ಲ?

ಆಶಾ ಅಕ್ಕ

ಸರ್, ನಿಮ್ಮ ಹೆಂಡತಿಯವರ ವಿಷಯ ಓದಿ ಸಂಕಟ ಆಯಿತು. ಆದರೂ ನನ್ನ ಮಾತು ಹೇಳುತ್ತೇನೆ.

ನಾನು ಮಂಡ್ಯ ಜಿಲ್ಲೆಯ ಒಂದು ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆ. ದಿನಾ ಮನೆಗಳಿಗೆ ಹೋಗುತ್ತೇನೆ. ಹಾಸಿಗೆ ಹಿಡಿದ ಅಜ್ಜಿಯಂದಿರು ಯಾವ ಮೂಲೆಯಲ್ಲಿ ಮಲಗಿರುತ್ತಾರೆ ಅಂತ ನನಗೆ ಗೊತ್ತು. ನಡುಮನೆಯಲ್ಲಿ ಅಲ್ಲ, ದನದ ಕೊಟ್ಟಿಗೆ ಪಕ್ಕದ ಜಗಲಿಯಲ್ಲಿ. ಎರಡು ಸಲ ಉಚ್ಚೆ ಹೋಗುತ್ತದೆ ಅಂತ ನೀರು ಕುಡಿಯುವುದನ್ನೇ ಬಿಟ್ಟ ಅಜ್ಜಿ ಒಬ್ಬರಿದ್ದಾರೆ, ಸೊಸೆಗೆ ತೊಂದರೆ ಅಂತ. ಇಂಥವರ ಮುಂದೆ ಒಂದು ಫಾರಂ ಇಟ್ಟರೆ ಏನು ಮಾಡುತ್ತಾರೆ ಹೇಳಿ? ‘ನಾನಿದ್ದು ಏನಾಗ್ಬೇಕು’ ಅಂತ ಹೆಬ್ಬೆಟ್ಟು ಒತ್ತುತ್ತಾರೆ. ಅದು ಅವರ ಇಷ್ಟ ಅಂತ ಡಾಕ್ಟರು ಬರೆದುಕೊಳ್ಳುತ್ತಾರೆ. ಜಮೀನು ಭಾಗ ಆಗದ ಮನೆಗಳ ಕಥೆ ಬಿಡಿ.

ತಮಿಳುನಾಡಿನ ವಿರುದುನಗರದ ಕಡೆ ಹಾಸಿಗೆ ಹಿಡಿದ ಮುದುಕರಿಗೆ ಎಣ್ಣೆಸ್ನಾನ ಮಾಡಿಸಿ ಎಳನೀರು ಕುಡಿಸಿ ಸಾಯಿಸುವ ‘ತಲೈಕೂತಲ್’ ಅನ್ನುವ ರೂಢಿ ಇತ್ತು, ಅದನ್ನೂ ಮನೆಯವರು ಕರುಣೆ ಅಂತಲೇ ಕರೆಯುತ್ತಿದ್ದರು. ಕೆನಡಾದಲ್ಲಿ ಸಾಯಲು ಡಾಕ್ಟರು ನೆರವಾಗುವ ಕಾನೂನು 2016ರಲ್ಲಿ ಸಾವು ಹತ್ತಿರ ಇರುವವರಿಗೆ ಮಾತ್ರ ಅಂತ ಶುರುವಾಗಿದ್ದು 2021ರಲ್ಲಿ ಸಾವು ಹತ್ತಿರ ಇಲ್ಲದ ರೋಗಿಗಳಿಗೂ ಹಬ್ಬಿತು. ಬಾಗಿಲು ಎಷ್ಟು ತೆಗೆಯಬೇಕು ಅಂತ ಒಂದು ಸಲ ಅಳೆದು ನಿಲ್ಲಿಸುವುದು ಕಷ್ಟ ಸರ್.

ಅರುಣಾ ಶಾನಭಾಗ ನಮ್ಮ ಉತ್ತರ ಕನ್ನಡದ ಹಳದೀಪುರದವರು. ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು, ಹಲ್ಲೆಗೊಳಗಾಗಿ ಮಿದುಳಿಗೆ ಪೆಟ್ಟಾಗಿ 1973ರಿಂದ 2015ರವರೆಗೆ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ಅವರಿಗೆ ದಯಾಮರಣ ಕೊಡಿ ಅಂತ ಅರ್ಜಿ ಹಾಕಿದಾಗ ಬೇಡ ಅಂದವರು ಅಲ್ಲಿಯ ನರ್ಸುಗಳೇ. ತಲೆಮಾರಿನ ಮೇಲೆ ತಲೆಮಾರಿನ ನರ್ಸುಗಳು ಅವರಿಗೆ ಉಣ್ಣಿಸಿ ತೊಳೆದು ನೋಡಿಕೊಂಡರು. ಅಂಥ ಕೈಗಳು ಎಲ್ಲ ಊರಲ್ಲೂ ಮೊದಲು ಸಿಗಲಿ, ಆಮೇಲೆ ಉಳಿದ ಮಾತು.

ಕುವೆಂಪುನಗರ ನಿವೃತ್ತ

ಅಮ್ಮ, ಆ ಅಜ್ಜಿಯ ವಿಷಯಕ್ಕೆ ನನ್ನಲ್ಲಿ ಉತ್ತರ ಇಲ್ಲ. ಅಂಥವರಿಗೆ ರಕ್ಷಣೆ ಬೇಕೇ ಬೇಕು. ಆದರೆ ಎಲ್ಲ ಊರಲ್ಲೂ ಆರೈಕೆ ಸಿಗುವವರೆಗೆ ಕಾಯಿರಿ ಅಂತ ನನ್ನ ಹೆಂಡತಿಗೆ ಹೇಳಲು ನನ್ನಿಂದ ಆಗುತ್ತಿರಲಿಲ್ಲ. ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ಈ ಹಕ್ಕಿಗಾಗಿ ಎರಡು ದಶಕಕ್ಕೂ ಹೆಚ್ಚು ಕಾಲ ಪತ್ರ ಬರೆದು, ಹೋರಾಡಿದರು. ಯಾರ ಒತ್ತಡವೂ ಇಲ್ಲದೆ, ತಾನೇ ಯೋಚಿಸಿ ಕೇಳುವವರು ನಮ್ಮ ನಡುವೆಯೂ ಇದ್ದಾರೆ. ಇಬ್ಬರನ್ನೂ ಕಾಯುವ ಕಾನೂನು ಬರೆಯಲು ಯಾರಾದರೂ ಕೂತು ಪ್ರಯತ್ನ ಪಡಬೇಕು.

ಪಾಂಡವಪುರದ ಮಗಳು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸಿಸ್ಟರ್, ನೀವು ಹೇಳಿದ್ದು ಸರಿ, ಇದುವರೆಗೆ ಕೊಡುತ್ತಿದ್ದಿದ್ದು ಟ್ರಮಡಾಲ್ ಅನ್ನುವ ನೋವಿನ ಮಾತ್ರೆ ಮಾತ್ರ, ಅದೂ ಅಪ್ಪ ಕೂಗಿದ ಮೇಲೆ. ಇವತ್ತು ಡಾಕ್ಟರ ಹತ್ತಿರ ಮಾರ್ಫಿನ್ ಬಗ್ಗೆ ಕೇಳಿದೆ, ನಾಳೆ ಕರೆದುಕೊಂಡು ಬನ್ನಿ ಅಂದರು. ಲಾಯರ್ ಸರ್ ಬರೆದಿದ್ದನ್ನು ಅಣ್ಣನಿಗೆ ಫೋನಿನಲ್ಲಿ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ‘ಅಪ್ಪನ ಬಾಯಿಂದಲೇ ಕೇಳ್ತೀನಿ, ಭಾನುವಾರ ಬರ್ತೀನಿ’ ಅಂದ. ಅವನು ಬಂದ ಮೇಲೆ ನೋಟರಿ ಹತ್ತಿರ ಹೋಗುತ್ತೇವೆ.

ಇನ್ನೊಂದೇ ಒಂದು ಅನುಮಾನ. ಅಪ್ಪ ಮನೆಯಲ್ಲೇ ಹೋದರೆ ಪೊಲೀಸು, ಪೋಸ್ಟ್‌ಮಾರ್ಟಮ್ ಅಂತೆಲ್ಲ ಆಗುತ್ತದಾ? ಚಿಕ್ಕಪ್ಪ ಅದನ್ನೇ ಹೇಳಿ ಹೆದರಿಸುತ್ತಿದ್ದಾರೆ.

ಮನೆ ಮನೆ ಸಿಸ್ಟರ್

ಇಲ್ಲ ಅಕ್ಕ. ಕಾಯಿಲೆಯಿಂದ ಮನೆಯಲ್ಲಿ ತೀರಿಕೊಂಡರೆ ಅದು ಸಹಜ ಸಾವು, ಪೋಸ್ಟ್‌ಮಾರ್ಟಮ್ ಬೇಕಿಲ್ಲ. ಇಷ್ಟು ದಿನ ನೋಡಿದ ಡಾಕ್ಟರು ಸಾವಿನ ಕಾರಣ ಬರೆದುಕೊಡುತ್ತಾರೆ, ಆಸ್ಪತ್ರೆಯ ಕಾಗದ ಎಲ್ಲ ಒಂದು ಫೈಲಿನಲ್ಲಿ ಇಟ್ಟಿರಿ. 21 ದಿನದೊಳಗೆ ಮರಣ ನೋಂದಣಿ ಮಾಡಿಸಿ. ಮನೆಯಲ್ಲೇ ಇಟ್ಟುಕೊಳ್ಳುತ್ತೇವೆ ಅಂತ ಈಗಲೇ ಡಾಕ್ಟರಿಗೆ ಹೇಳಿಬಿಡಿ. ಕೊನೆಯಲ್ಲಿ ಗಾಬರಿಯಾಗಿ ಆಂಬುಲೆನ್ಸ್ ಕರೆದರೆ ಮತ್ತೆ ಐಸಿಯುಗೇ ಹೋಗುತ್ತೀರಿ, ಹಾಗಾಗಿ ರಾತ್ರಿ ಯಾರಿಗೆ ಫೋನ್ ಮಾಡಬೇಕು ಅಂತ ಮೊದಲೇ ಕೇಳಿ, ನಂಬರನ್ನು ಗೋಡೆಗೆ ಅಂಟಿಸಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಬೆನ್ನು ಹುಣ್ಣಾಗುವುದಿಲ್ಲ. ಊಟ ಬೇಡ ಅಂದರೆ ಬಲವಂತ ಮಾಡಬೇಡಿ. ಬಾಯಿ ಒಣಗಿದರೆ ಹತ್ತಿ ಒದ್ದೆ ಮಾಡಿ ತುಟಿ ಒರೆಸಿ. ನಾಳೆ ಡಾಕ್ಟರು ಬರೆದ ಡೋಸ್ ಅರ್ಥ ಆಗದಿದ್ದರೆ ಇಲ್ಲೇ ಕೇಳಿ, ನೋಡುತ್ತಿರುತ್ತೇನೆ.